ನಲವತ್ತೊಂದನೇ ದಿನದ ಬಾಟಲಿ

ಅಕ್ಕಾ,

ನೀನಿದ್ದಿದ್ದರೆ ಇದನ್ನು ಫೋನಿನಲ್ಲೇ ಹೇಳುತ್ತಿದ್ದೆ. ಇವತ್ತು ನಮ್ಮ ಲ್ಯಾಬಿನಲ್ಲಿ ಒಬ್ಬ ಟೈಲರಮ್ಮನ ಬೆನ್ನುಮೂಳೆಯ ಕೀವಿನಿಂದ ಟಿಬಿ ಕ್ರಿಮಿ ಬೆಳೆದಿದೆ. ನಲವತ್ತೊಂದನೇ ದಿನಕ್ಕೆ, ಬಾಟಲಿಯೊಳಗೆ ರವೆ ಉದುರಿದ ಹಾಗೆ ಮಾಸಲು ಹಳದಿ ಚುಕ್ಕೆಗಳು. ಕ್ರಿಮಿ ಪತ್ತೆಹಚ್ಚುವ ಮೆಷಿನ್ನು ಎರಡೇ ಗಂಟೆಯಲ್ಲಿ ಟಿಬಿ ಇಲ್ಲ ಎಂದಿತ್ತು.

“ಮೆಷಿನ್ನೇ ಟಿಬಿ ಇಲ್ಲ ಅಂದ್ಮೇಲೆ ಇನ್ನೇನ್ರೀ ಕಾಯೋದು?” ಎಂದು ಹೊಸ ಡಾಕ್ಟರು ಆಗ ಗೊಣಗಿದ್ದರು. ಮೂಳೆಯ ಟಿಬಿಯಲ್ಲಿ ಕ್ರಿಮಿಗಳು ಕಡಿಮೆ, ಮೆಷಿನ್ನಿಗೆ ಸಿಗದೆಯೂ ಹೋಗಬಹುದು. ಅದಕ್ಕೇ ಅರ್ಧ ಕೀವನ್ನು ಬಾಟಲಿಯಲ್ಲಿ ಕ್ರಿಮಿ ಬೆಳೆಸಲು ಎತ್ತಿಟ್ಟಿದ್ದೆ.

ನಿನ್ನ ಬೆನ್ನಿನ ಕೀವನ್ನು ಪೂರ್ತಿ ಮೆಷಿನ್ನಿಗೇ ಹಾಕಿದ್ದೆ. ಬೇಗ ಗೊತ್ತಾಗಲಿ ಎಂಬ ಆತುರ ನನಗೆ. “ಟಿಬಿಗಿಬಿ ಏನೂ ಇಲ್ಲ ಕಣೇ ಅಕ್ಕ!” ಎಂದು ಫೋನಿನಲ್ಲೇ ಕುಣಿದಾಡಿದ್ದೆ. “ಅದನ್ನ ನನ್ನ ಬೆನ್ನಿಗೂ ಸ್ವಲ್ಪ ಹೇಳೇ” ಎಂದು ನೀನು ನಕ್ಕಿದ್ದೆ. ಇನ್ನೊಮ್ಮೆ ಸೂಜಿ ಚುಚ್ಚಿ ಕೀವು ತೆಗೆಯುವ ಹೊತ್ತಿಗೆ ಕಾಲ ಮಿಂಚಿತ್ತು.

ಟೈಲರಮ್ಮನಿಗೆ ಇವತ್ತಿನಿಂದಲೇ ಮಾತ್ರೆ ಶುರು. ರಿಪೋರ್ಟು ಒಯ್ಯಲು ಅವರ ಮಗಳು ಬಂದಿದ್ದಳು.

“ಮೆಷಿನ್ನು ಟಿಬಿ ಇಲ್ಲ ಅಂದ್ರೂ ನೀವ್ಯಾಕೆ ಬಿಡ್ಲಿಲ್ಲ ಮೇಡಂ?”

“ನಮ್ಮಲ್ಲಿ ಹಾಗೇ ಕಣಮ್ಮ, ಅರ್ಧ ಎತ್ತಿಡೋದು ಪದ್ಧತಿ” ಎಂದೆ.

ಯಾವತ್ತಿನಿಂದ ಎಂದು ಅವಳು ಕೇಳಲಿಲ್ಲ.