ಗಿಡಕ್ಕೆ ಬಿಟ್ಟ ಮಾರ್ಜಿನ್

ಅವ್ವಾ,

ನೆಹರು ನಗರದ ಆಸ್ಪತ್ರೆಯಲ್ಲಿ ಕಿಟಕಿಯ ಕಡೆ ಮುಖ ಮಾಡಿ ಮಲಗಿ ನೀನು ಕೇಳಿದ್ದು ನೆನಪಾಗುತ್ತದೆ. "ಖಾನಾಪುರದಾಗಿನ ನನ್ನ ಗಿಡಾ ನಿಂತಬಿಟ್ಟಾವಂತ, ಖರೇನ?" ಇನ್ನು ಬೆಳೆಯುವುದಿಲ್ಲ ಎಂದು ನಿನ್ನ ಕಿವಿಗೆ ಹಾಕಿದವನು ಅಣ್ಣ. "ಇಲ್ಲಬೇ, ಸುಮ್ನ ಮಲಕೋ" ಎಂದೆ. ಆದರೆ ನನಗೂ ಗೊತ್ತಿರಲಿಲ್ಲ. "ಒತ್ತೊತ್ತಾಗಿ ಸಸಿ ಹಚ್ಚಿ ನಾನೇ ಕೆಡಿಸಿದೆ" ಎಂಬ ಕೊರಗಿನಲ್ಲೇ ನೀನು ಹೋದೆ.

ಆ ಗಿಡಗಳು ಎಳೆಯವಿದ್ದಾಗ ಹೇಗಿದ್ದವು ಹೇಳು? ಬಿಸಿಲಿಗಾಗಿ ಒಂದನ್ನೊಂದು ಮೀರಿಸಿ ಮೇಲೇರುತ್ತಿದ್ದವು. ಕಾಂಡ ಮಾತ್ರ ನನ್ನ ತೋಳಿನಷ್ಟೇ. ಬರಬರುತ್ತ ತಲೆಗಳು ಕೂಡಿ ಕಾಡಿನಂತಾಯಿತು. ನೆರಳಿಗೆ ಕೆಳಗಿನ ಕೊಂಬೆಗಳು ಒಣಗಿ ಬಿದ್ದವು, ಎತ್ತರದ ಓಟವೂ ನಿಧಾನವಾಯಿತು. ಅಣ್ಣ ಅವನ್ನು ಬದಿಯ ಕರೆಂಟಿನ ಕಂಬಕ್ಕೆ ಹೋಲಿಸಿ ನೋಡುವವನು. "ಎಷ್ಟ ವರ್ಷ ಆತು, ಇದ್ದಷ್ಟ ಅದಾವು. ಕಡದು ಗೋಡಂಬಿ ಹಚ್ಚೂಣು" ಅನ್ನುತ್ತಿದ್ದ.

ಹೋದ ವಾರ ಮರ ಕಡಿಯುವವನಿಗೆ ಹೇಳಿಯೇಬಿಟ್ಟ. ನಾನು ಅನಗೋಳದ ಟೇಲರ್ ಅಂಗಡಿಗೆ ಬೀಗ ಹಾಕಿ, ಕೊರಳಲ್ಲಿ ಟೇಪು ಇದ್ದದ್ದೂ ಮರೆತು ಬಸ್ಸು ಹತ್ತಿದೆ. ಜಗಳಕ್ಕೇ ಹೋದವಳು, ಸುಳ್ಳು ಯಾಕೆ ಹೇಳಲಿ.

ನಮ್ಮದೆಂಬ ಗುರುತಿಗೆ ನೀನು ಆ ಗಿಡಗಳಲ್ಲೇ ದೊಡ್ಡದಾದ ಮತ್ತಿ ಮರಕ್ಕೆ ಹಳೆಯ ನೈಲಾನ್ ಸೀರೆಯ ಅಂಚು ಕಟ್ಟಿದ್ದೆಯಲ್ಲ? ಆಗ ಒಳಗೆ ನನ್ನ ಕೈ ಸಲೀಸಾಗಿ ಹೋಗುತ್ತಿತ್ತು. ಈಗ ಬೆರಳೂ ತೂರಲಿಲ್ಲ. ಅಂಚು ತೊಗಟೆಗೆ ಕಚ್ಚಿಕೊಂಡು, ಗಂಟಿನ ಹತ್ತಿರ ಎಳೆ ಬಿಟ್ಟಿತ್ತು. ನನಗೆ ನಗು ಬಂತು. ಹೊಲಿಗೆ ಕಲಿಸುವಾಗ ನೀನೇ ಹೇಳುತ್ತಿದ್ದೆ: "ಸಾಲಿ ಹುಡುಗ್ಯಾರ ಲಂಗಕ್ಕ ಕೆಳಗ ಮಡಚಿ ಬಿಡು, ದೊಡ್ಡವರ ಜಂಪರಿಗೆ ಬಾಜೂಕ ಮಾರ್ಜಿನ್ ಬಿಡು." ಮೈ ಬೆಳೆಯುವುದು ಮೊದಲು ಉದ್ದ, ಆಮೇಲೆ ಸುತ್ತಳತೆ. ಒಳಗೆ ಬಿಟ್ಟ ಆ ಹೆಚ್ಚಿನ ಬಟ್ಟೆ ಬಿಚ್ಚಿ ನಿನ್ನ ಜಂಪರನ್ನೇ ಎಷ್ಟು ಸಲ ದೊಡ್ಡದು ಮಾಡಿಲ್ಲ? ಜೀವನವೆಲ್ಲ ಮೈಯಳತೆ ತೆಗೆದ ನಾವಿಬ್ಬರೂ ಗಿಡವನ್ನು ಮಾತ್ರ ಲಂಗದ ಹಾಗೆ ಉದ್ದದಲ್ಲೇ ಅಳೆದೆವಲ್ಲ...

ಅಣ್ಣನನ್ನು ಕರೆದು ಬೆರಳು ತೂರಿಸಲು ಹೇಳಿದೆ. ಒಂದು ಕಡೆ ನೋಡಿದ, ಸುತ್ತು ಹಾಕಿ ಇನ್ನೊಂದು ಕಡೆ ನೋಡಿದ. "ಅವ್ವ ಇಷ್ಟ ಬಿಗಿ ಕಟ್ಟಿದ್ದಿಲ್ಲ" ಎಂದ. "ಕಡಿಯಾಂವಗ ಬರಬ್ಯಾಡ ಅಂತೀನಿ ಬಿಡು" ಎಂದು ಫೋನು ತೆಗೆದ.

ಆಸ್ಪತ್ರೆಗೆ ಸೇರುವ ಮೊದಲಿನ ದಿನಗಳಲ್ಲಿ ನೀನು ಸೊರಗಿದಂತೆಲ್ಲ ಆ ಜಂಪರುಗಳನ್ನೇ ನಾನು ಮತ್ತೆ ಒಳಗೆ ಹಿಡಿದು ಹೊಲಿದೆ. ಮಷಿನ್ನಿನ ಮುಂದೆ ಅತ್ತದ್ದು ನಿನಗೆ ಹೇಳಲಿಲ್ಲ. ಮೊನ್ನೆ ಮತ್ತಿ ಮರದ ಗಂಟು ಬಿಚ್ಚಿ, ನನ್ನ ಸೀರೆಯ ತುಂಡೊಂದನ್ನು ಜೋಡಿಸಿ ಸಡಿಲವಾಗಿ ಕಟ್ಟಿ ಬಂದೆ. ಪ್ರತಿ ದೀಪಾವಳಿಗೆ ಹೋಗಿ ಇನ್ನಷ್ಟು ಸಡಿಲ ಬಿಡುತ್ತೇನೆ.

ನಿನ್ನ ಗಿಡಾ ನಿಂತಿಲ್ಲಬೇ. ದಪ್ಪ ಆಗ್ಯಾವು.