ಜೋಳಿಗೆಗೆ ಬೀಳದ ಡಬ್ಬಿ

ದೊಡವಾಡ,
ಮಂಗಳವಾರ, 18 ಮಾರ್ಚ್ 2025

ಪ್ರೀತಿಯ ಕಲ್ಮೇಶ,

ಹೇಗಿದ್ದೀಯಪ್ಪಾ? ವಾರ್ನಿಶಿನ ವಾಸನೆಗೆ ಬರುತ್ತಿದ್ದ ನಿನ್ನ ಕೆಮ್ಮು ಕಡಿಮೆಯಾಯಿತೇ? ಮೋಟರಿಗೆ ತಂತಿ ಸುತ್ತುವಾಗ ಬಾಯಿಗೆ ಬಟ್ಟೆ ಕಟ್ಟಿಕೋ ಎಂದು ನಿನ್ನ ಅವ್ವ ಮೂರು ಸಲ ಹೇಳಿದ್ದಾಳೆ, ಅದನ್ನು ಮೊದಲು ಬರೆದುಬಿಟ್ಟರೆ ನನ್ನ ಹೊಣೆ ಮುಗಿಯಿತು. ಇಲ್ಲಿಗಿಂತ ಸುರೇಬಾನದಲ್ಲಿ ಬಿಸಿಲು ಹೆಚ್ಚು, ನೀರು ಕುಡಿಯುತ್ತಿರು. ಅವ್ವನ ಮೊಣಕಾಲು ನೋವು ಇದ್ದ ಹಾಗೇ ಇದೆ, ಬಾಯಿಯೂ ಇದ್ದ ಹಾಗೇ ಇದೆ. ಬಿಳಿಜೋಳದ ರಾಶಿ ಮುಗಿಯಿತು. ಕರಿ ಎಮ್ಮೆ ಈದಿದೆ, ಹೆಣ್ಣು ಕರು. ಸೊಸೆ ಶೈಲಜಾ ಕುಪ್ಪಸ ಹೊಲಿಯುವ ಕೆಲಸವನ್ನು ಮನೆಯಲ್ಲೇ ಹೆಚ್ಚಿಸಿಕೊಂಡಿದ್ದಾಳೆ. ನಿನ್ನ ವಿಷಯ ಅವಳು ಎತ್ತುವುದಿಲ್ಲ, ನಾವೂ ಎತ್ತುವುದಿಲ್ಲ. ಆದರೆ ನಿನ್ನ ಸೋದರಮಾವ ಮಹಾದೇವ ಸುರೇಬಾನದಿಂದ ಈ ಕಡೆ ಬಂದಾಗಲೆಲ್ಲ ನಿನಗೆಂದು ಶೇಂಗಾ ಹಿಂಡಿಯ ಡಬ್ಬಿ ತುಂಬಿ ಕೊಡುವವಳು ಅವಳೇ. ಅದು ಅವ್ವ ಕುಟ್ಟಿದ್ದು ಎಂದು ನೀನು ತಿಳಿದಿದ್ದರೆ ತಿದ್ದಿಕೋ.

ಮೊಬೈಲು ಇರುವ ಕಾಲದಲ್ಲಿ ಈ ಮುದುಕ ಕಾಗದ ಯಾಕೆ ಬರೆದ ಎಂದು ನಗಬೇಡ. ಎರಡು ತಿಂಗಳಿಂದ ನನ್ನ ಫೋನನ್ನು ನೀನು ಎತ್ತಿಲ್ಲ. ವಾಟ್ಸಾಪಿನಲ್ಲಿ ಏನಾದರೂ ಕಳಿಸಿದರೆ ಎರಡು ನೀಲಿ ಗೆರೆ ಬರುತ್ತವೆ, ಉತ್ತರ ಬರುವುದಿಲ್ಲ. ಕಾಗದವಾದರೆ ಹರಿದು ಹಾಕುವುದಕ್ಕಾದರೂ ಕೈಗೆ ತೆಗೆದುಕೊಳ್ಳಬೇಕಲ್ಲ. ನಿನ್ನೆ ಬರೆಯಲು ಕುಳಿತಾಗ ಶೈಲಜಾ ಚಹಾ ಇಟ್ಟು, ಬಾಗಿಲ ತನಕ ಹೋಗಿ, ತಿರುಗಿ ನಿಂತು ಒಂದೇ ಮಾತು ಹೇಳಿದಳು. "ಮಾವಾರ, ಅವರಿಗೆ ಬಾ ಅಂತ ಬರೀಬ್ಯಾಡ್ರಿ. ಯಾಕ ಬರಬೇಕು ಅನ್ನೂದು ಬರೀರಿ." ಅದಕ್ಕೇ ನಿನ್ನೆಯದನ್ನು ಹರಿದು ಇಂದು ಹೊಸದಾಗಿ ಬರೆಯುತ್ತಿದ್ದೇನೆ.

ಶ್ರಾವಣದ ಮೊದಲ ಸೋಮವಾರದಿಂದ ಶುರು ಮಾಡುತ್ತೇನೆ. ಮಠದ ಅಜ್ಜಾರು ಜೋಳಿಗೆ ಹಿಡಿದು ಓಣಿ ಓಣಿ ನಡೆದರು, ಕಾಳು ಬೇಡ, ರೊಕ್ಕ ಬೇಡ, ನಿಮ್ಮ ಚಟವನ್ನು ಭಿಕ್ಷೆ ಹಾಕಿರಿ ಎಂದರು. ಜನ ಗುಟ್ಕಾ ಚೀಟಿ, ಬೀಡಿ ಕಟ್ಟು ಹಾಕಿದರು. ನೀನು ಒಳಗೆ ಹೋಗಿ ಅರ್ಧ ಉಳಿದ ಬಾಟಲಿ ತಂದು ತಲೆ ತಗ್ಗಿಸಿ ಹಾಕಿದೆ. ಅದರ ಹಿಂದೆಯೇ ನಾನು ತಂಬಾಕಿನ ಚಂಚಿ ಹಾಕಿದೆ. ಅಷ್ಟಕ್ಕೆ ಸುಮ್ಮನಾಗಿದ್ದರೆ ನಾನು ನಿಜಗುಣಪ್ಪ ಹೇಗಾದೇನು? ಹತ್ತು ಮಂದಿಯ ಎದುರು ಕಟ್ಟೆ ಹತ್ತಿ ಭಾಷಣವನ್ನೂ ಮಾಡಿದೆ. ಮನುಷ್ಯನಿಗೆ ಮನಸ್ಸು ಗಟ್ಟಿ ಇರಬೇಕು, ಬಿಡುತ್ತೇನೆ ಅಂದರೆ ಬಿಟ್ಟಹಾಗೆ ಎಂದೆ. ಚಪ್ಪಾಳೆ ಬಿತ್ತು. ನಿನಗೆ ಗೊತ್ತಿಲ್ಲದ್ದು ಇದು: ಅದರ ಹಿಂದಿನ ಶುಕ್ರವಾರವೇ ಬೈಲಹೊಂಗಲದ ಪೇಟೆಯಲ್ಲಿ ಹೊಸ ಡಬ್ಬಿ ಕೊಂಡು, ತಂಬಾಕು ತುಂಬಿ, ಹೊಲದ ಗುಡಿಸಲಿನ ಗೋಡೆಯ ಗೂಡಿನಲ್ಲಿ ಇಟ್ಟು ಬಂದಿದ್ದೆ. ಆಮೇಲೆ ಜಾರಿಬಿದ್ದವನಲ್ಲ ನಾನು. ಮೊದಲೇ ಹಾಸಿಗೆ ಹಾಸಿಟ್ಟು ಬಿದ್ದವನು.

ನೀನು ಮಾತ್ರ ಭಾಷಣ ಮಾಡಲಿಲ್ಲ. ಆಗ ಇಲ್ಲಿ ಕೆಲಸಕ್ಕಿದ್ದ ಮೋಟರು ಅಂಗಡಿಯಿಂದ ಮನೆಗೆ ಬರುವಾಗ ಬಸ್ ಸ್ಟ್ಯಾಂಡಿನ ಬಾರು ಕಣ್ಣಿಗೆ ಬೀಳಬಾರದೆಂದು ಹಳ್ಳದ ದಂಡೆಯ ಹಿಂದಿನ ದಾರಿ ಹಿಡಿದೆ. ಇಪ್ಪತ್ತು ನಿಮಿಷ ಹೆಚ್ಚು. ಸಂಜೆ ಆರಾದರೆ ಕಿಸೆಯಲ್ಲಿ ಶೇಂಗಾ, ಬೆಲ್ಲದ ಚೂರು. ನನಗೆ ಅದನ್ನು ನೋಡಿ ನಗು ಬರುತ್ತಿತ್ತು. ಕಳ್ಳನ ಹಾಗೆ ಯಾಕೆ ಹಿಂದಿನಿಂದ ಓಡಾಡುತ್ತಾನೆ, ಗಂಡಸು ಎದೆ ಸೆಟೆಸಿ ಬಾರಿನ ಮುಂದೆ ನಡೆದು ಬರಬೇಕು ಎಂದು ನಿನ್ನ ಅವ್ವನ ಹತ್ತಿರ ಅಂದಿದ್ದೆ. ಅಂದದ್ದಷ್ಟೇ ಅಲ್ಲ, ದೀಪಾವಳಿಯ ಹೊತ್ತಿಗೆ ನಿನ್ನನ್ನು ಪರೀಕ್ಷೆ ಮಾಡಲೆಂದೇ ಬಾರಿನ ಪಕ್ಕದ ಕಿರಾಣಿ ಅಂಗಡಿಗೆ ಅಡಿಗೆ ಎಣ್ಣೆ ತರಲು ಎರಡು ಸಲ ಕಳಿಸಿದೆ. ಆಗ ಎಣ್ಣೆ ಬೇಕಾಗಿರಲಿಲ್ಲ, ಮನೆಯಲ್ಲಿ ಡಬ್ಬಿ ತುಂಬ ಇತ್ತು. ನೀನು ತಂದುಕೊಟ್ಟೆ, ಬೆವರು ಒರೆಸಿಕೊಂಡೆ. ಆ ಬೆವರು ಯಾವುದೆಂದು ಈಗ ನನಗೆ ಗೊತ್ತಾಗಿದೆ.

ಎಳ್ಳ ಅಮಾವಾಸ್ಯೆಯ ದಿನ ಎಲ್ಲರೂ ಭೂಮಿತಾಯಿಗೆ ಎಡೆ ಮಾಡಿ ಚರಗ ಚೆಲ್ಲಲು ಹೊಲಕ್ಕೆ ಹೋದೆವಲ್ಲ, ಅಲ್ಲಿಗೆ ನನ್ನ ನಾಟಕ ಮುಗಿಯಿತು. ಎತ್ತಿಗೆ ಹಗ್ಗ ಹುಡುಕುತ್ತ ನೀನು ಗೂಡಿಗೆ ಕೈ ಹಾಕಿದೆ. ಕೂಗಾಡಬಹುದಿತ್ತು. ನೀನು ಬಂದು, ನನ್ನ ಎಲೆಯ ಬದಿಗೆ, ಸಜ್ಜೆ ರೊಟ್ಟಿಯ ಪಕ್ಕಕ್ಕೆ, ಆ ಡಬ್ಬಿ ಇಟ್ಟೆ. "ಯಪ್ಪಾ, ಇದನ್ನ ಅಜ್ಜಾರ ಜೋಳಿಗ್ಯಾಗ ಹಾಕೂದು ಮರತಿದ್ರಿ" ಅಂದೆ, ಅಷ್ಟೇ. ಬೀಗರು, ಅಕ್ಕಪಕ್ಕದ ಹೊಲದವರು ಎಲ್ಲ ಇದ್ದರು. ನನಗೆ ನಾಚಿಕೆಯಾಗಬೇಕಿತ್ತು, ಸಿಟ್ಟು ಬಂತು. ಅವತ್ತು ಸಂಜೆ ನೀನು ಹಳ್ಳದ ದಾರಿ ಬಿಟ್ಟು ಬಾರಿನ ದಾರಿ ಹಿಡಿದೆ. ಮೂರು ವಾರ ಕುಡಿದೆ. ನಾನು ನಿನ್ನ ಎದುರು ನಿಂತು ನಿನಗೆ ಮನಸ್ಸೇ ಗಟ್ಟಿ ಇಲ್ಲ, ನಿನ್ನಿಂದ ಏನೂ ಆಗುವುದಿಲ್ಲ ಎಂದೆ. ಡಬ್ಬಿ ಆಗಲೂ ನನ್ನ ಕಿಸೆಯಲ್ಲೇ ಇತ್ತು. ಸಂಕ್ರಾಂತಿ ಕಳೆದು ವಾರಕ್ಕೆ ನೀನು ಚೀಲ ತೆಗೆದುಕೊಂಡು ಸುರೇಬಾನಕ್ಕೆ ಹೋದೆ.

ನೀನು ಹೋದ ಸಂಜೆ ನಾನು ಇನ್ನೂ ಬೈಯುತ್ತಲೇ ಇದ್ದೆ. ನಿನ್ನ ಅವ್ವ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು. "ಅಂವಾ ಐದ ತಿಂಗಳ ತಡದ. ನೀವು ಐದ ತಾಸ ತಡೀರಿ, ನೋಡೂಣು" ಎಂದಳು. ಅದೇನು ದೊಡ್ಡದು ಎಂದುಕೊಂಡು ಮರುದಿನ ಬೆಳಿಗ್ಗೆ ಐದಕ್ಕೆ ಶುರು ಮಾಡಿದೆ. ಏಳೂ ಇಪ್ಪತ್ತಕ್ಕೆ ತಂಬಾಕು ನನ್ನ ತುಟಿಯಲ್ಲಿತ್ತು. ನಡುವೆ ಎಮ್ಮೆಗೆ ಬೈದೆ, ಪೇಪರು ಹಾಕುವವನಿಗೆ ಬೈದೆ, ಶೈಲಜಾಳ ಹೊಲಿಗೆ ಯಂತ್ರದ ಸದ್ದಿಗೂ ಬೈದೆ. ನಲವತ್ತು ವರ್ಷ ಊರಿಗೆಲ್ಲ ಗಟ್ಟಿ ಮನಸ್ಸಿನ ಪಾಠ ಹೇಳಿದವನು ಎರಡು ತಾಸು ಇಪ್ಪತ್ತು ನಿಮಿಷದ ಆಸಾಮಿ ಎಂದು ತಿಳಿಯಿತು. ನಿನ್ನ ಅವ್ವ ನಗಲಿಲ್ಲ, ಅದು ಇನ್ನೂ ಕಷ್ಟವಾಯಿತು.

ಆಮೇಲೆ ಎರಡು ಮೂರು ದಿನ ಕುಳಿತು ಯೋಚನೆ ಮಾಡಿದೆ. ದಿನದಲ್ಲಿ ತಂಬಾಕು ಬೇಕೆನಿಸದ ಹೊತ್ತು ಯಾವುದಾದರೂ ಇದೆಯೇ ಎಂದು ಹುಡುಕಿದಾಗ ಒಂದು ಸಿಕ್ಕಿತು. ಸ್ನಾನ ಮಾಡಿ, ಬಾಯಿ ಮುಕ್ಕಳಿಸಿ, ಇಷ್ಟಲಿಂಗ ಕೈಯಲ್ಲಿ ಹಿಡಿದು ಕೂಡುವ ಅರ್ಧ ತಾಸು. ಇಷ್ಟು ವರ್ಷದಲ್ಲಿ ಒಂದು ದಿನವೂ ಆ ಹೊತ್ತಿನಲ್ಲಿ ಬಾಯಿಗೆ ಹಾಕಿದವನಲ್ಲ, ಹಾಕಬೇಕೆಂದು ಅನಿಸಿಯೂ ಇಲ್ಲ. ಅಂದರೆ ನನ್ನಲ್ಲೂ ಅರ್ಧ ತಾಸಿನಷ್ಟು ಗಟ್ಟಿ ಮನಸ್ಸು ಮೊದಲಿಂದಲೂ ಇತ್ತು, ನಾನು ಅದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಪೂಜೆ ಮುಗಿದ ಮೇಲೆ ಇನ್ನೂ ಹತ್ತು ನಿಮಿಷ ತಂಬಾಕು ಮುಟ್ಟದೆ ಅಲ್ಲೇ ಕುಳಿತೆ. ಎರಡು ದಿನ ಬಿಟ್ಟು ನಾಷ್ಟಾ ಆಗುವವರೆಗೆ. ಆಮೇಲೆ ಎಮ್ಮೆ ಮೇಯಿಸಿ ಬರುವವರೆಗೆ. ನವಿಲುತೀರ್ಥದ ಕಾಲುವೆಯ ಗೇಟು ತಿರುಗಿಸುತ್ತಿದ್ದ ಕಾಲದಲ್ಲಿ ನಾನು ಒಮ್ಮೆಯೂ ಅದನ್ನು ಒಂದೇ ಸಲಕ್ಕೆ ಎತ್ತಿದವನಲ್ಲ, ಎತ್ತಿದರೆ ಕೆಳಗಿನ ದಂಡೆ ಒಡೆಯುತ್ತದೆ. ಎರಡು ಸುತ್ತು ತಿರುಗಿಸುವುದು, ನೀರು ನೋಡುವುದು, ಮತ್ತೆ ಎರಡು ಸುತ್ತು. ನೀರಿನ ವಿಷಯದಲ್ಲಿ ಅಷ್ಟು ತಾಳ್ಮೆ ಇದ್ದವನಿಗೆ ಮಗನ ವಿಷಯದಲ್ಲಿ ಇರಲಿಲ್ಲ.

ಭಾರತ ಹುಣ್ಣಿಮೆಯ ದಿನ ಕೊನೆಯ ಚಿಟಿಕೆ ಹಾಕಿದೆ. ಮರುದಿನದಿಂದ ಲೆಕ್ಕ ಹಿಡಿದರೆ ಇಂದಿಗೆ ಮೂವತ್ನಾಲ್ಕು ದಿನ. ಅದಕ್ಕೂ ಮೊದಲು ಒಂದು ದಿನ ನನ್ನ ಹಳೆಯ ಜಂಬ ಎದ್ದು, ನನ್ನ ಗೆಳೆಯ ರಾಯಪ್ಪ ಕುಳಿತು ತಂಬಾಕು ತಿಕ್ಕುವ ಬಸ್ ಸ್ಟ್ಯಾಂಡಿನ ಕಟ್ಟೆಯ ಮುಂದೆ ಎದೆ ಸೆಟೆಸಿಕೊಂಡು ಹೋಗಿದ್ದೆ. ತಿಕ್ಕಿದ ತಂಬಾಕನ್ನು ಅಂಗೈಯಲ್ಲಿ ಚಾಚಿದರೆ ಬೇಡ ಅನ್ನುವುದು ನಮ್ಮ ಗಂಡಸರಲ್ಲಿ ಮುಖ ತಿರುಗಿಸಿದ ಹಾಗೆ, ನಿನಗೂ ಗೊತ್ತಿದೆ. ಹೋದ ದಾರಿಯಲ್ಲೇ ತಂಬಾಕು ಇಟ್ಟ ತುಟಿ ಉಬ್ಬಿಸಿಕೊಂಡು ಮನೆಗೆ ಬಂದೆ. ಅದರ ಮರುದಿನದಿಂದ ನಾನೂ ಹಳ್ಳದ ದಂಡೆಯ ಹಿಂದಿನ ದಾರಿ ಹಿಡಿದಿದ್ದೇನೆ.

ಅಲ್ಲಿ ಹುಣಸೆಮರದ ಕೆಳಗೆ ಒಂದು ಚಪ್ಪಟೆ ಕಲ್ಲು ಇದೆಯಲ್ಲ. ಮೊದಲ ದಿನ ಸುಸ್ತಾಗಿ ಅದರ ಮೇಲೆ ಕುಳಿತೆ. ಕಾಲ ಬುಡದಲ್ಲಿ ನೋಡಿದರೆ ಶೇಂಗಾ ಸಿಪ್ಪೆ. ಒಂದು ದಿನದ್ದಲ್ಲ. ಮೇಲಿನವು ಇನ್ನೂ ಬಿಳಿ, ಕೆಳಗಿನವು ಮಳೆಗೆ ಕಪ್ಪಾಗಿ ಮಣ್ಣಿಗೆ ಹತ್ತಿಕೊಂಡಿದ್ದವು. ಐದು ತಿಂಗಳು ಸಂಜೆ ಆರರ ಹೊತ್ತಿಗೆ ನೀನು ಅಲ್ಲಿ ಒಬ್ಬನೇ ಕುಳಿತು ಆ ಹೊತ್ತು ದಾಟಿಸಿಕೊಂಡು ಮನೆಗೆ ಬರುತ್ತಿದ್ದೆ ಎಂದು ಆಗ ತಿಳಿಯಿತು. ನಾನು ಅತ್ತುಬಿಟ್ಟೆ, ಕಲ್ಮೇಶ. ಯಾರೂ ಇರಲಿಲ್ಲ, ಚೆನ್ನಾಗಿ ಅತ್ತೆ. ಬಾರಿನ ಮುಂದೆ ನಡೆಯುವುದು ಗಟ್ಟಿ ಮನಸ್ಸು, ಹಿಂದಿನಿಂದ ಹೋಗುವುದು ಪುಕ್ಕಲುತನ ಎಂದು ತಿಳಿದಿದ್ದೆ. ತನ್ನ ಮನಸ್ಸು ಎಲ್ಲಿ ಮುಗ್ಗರಿಸುತ್ತದೆ ಎಂದು ಗೊತ್ತಿದ್ದು, ದಿನಾ ಅಷ್ಟು ದೂರ ಸುತ್ತಿಕೊಂಡು ಹೋಗುವುದಕ್ಕೆ ಎಷ್ಟು ಗಟ್ಟಿತನ ಬೇಕು ಎಂದು ನನಗೆ ಅರವತ್ತಾರಕ್ಕೆ ಗೊತ್ತಾಯಿತು. ನಿನ್ನ ದಾರಿ ತಪ್ಪಿಸಿದವನು ನಾನು. ತಪ್ಪು ನನ್ನದು. ಹೀಗೆ ಬರೆದು ಕೊಡಲು ನನಗೆ ಎರಡು ತಿಂಗಳು ಬೇಕಾಯಿತು, ಸಿಟ್ಟಾಗಬೇಡ.

ಇನ್ನೇನು ಬರೆಯಲಿ? ಮಹಾದೇವನಿಗೆ ನನ್ನ ಶರಣು ತಿಳಿಸು. ಅವನ ಮನೆಯಲ್ಲಿ ಉಂಡದ್ದಕ್ಕೆ ಕೈ ತುಂಬ ಕೆಲಸ ಮಾಡಿಕೊಡು. ಕರುವಿಗೆ ಹೆಸರು ನೀನೇ ಇಡಬೇಕೆಂದು ಅವ್ವ ಕಾಯುತ್ತಿದ್ದಾಳೆ, ಅಲ್ಲಿಯವರೆಗೆ ಎಲ್ಲರೂ ಅದನ್ನು ಕರು ಎಂದೇ ಕರೆಯುತ್ತಿದ್ದೇವೆ. ಬಸವಣ್ಣ ನಿನ್ನನ್ನು ಚೆನ್ನಾಗಿ ಇಡಲಿ. ಅವ್ವನ ಕೈ ನಿನ್ನ ತಲೆಯ ಮೇಲಿದೆ, ನನ್ನದೂ ಇದೆ, ನೀನು ಬೇಡ ಅನ್ನದಿದ್ದರೆ.

ಇಂತಿ ನಿನ್ನ ಅಪ್ಪ,
ನಿಜಗುಣಪ್ಪ

ತಾ.ಕ.: ಅಂಟಿಸಿದ ಲಕೋಟೆ ಒಡೆದು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ತೊಡೆಯ ಮೇಲೆ ಇಟ್ಟು ಬರೆದದ್ದಕ್ಕೆ. ನಮ್ಮೂರ ಅಂಚೆಯಲ್ಲಿ ಹಾಕಿದರೆ ಊರಿಗೆಲ್ಲ ಸುದ್ದಿ ಎಂದು ಬೈಲಹೊಂಗಲಕ್ಕೆ ಬಂದೆ. ಬಸ್ಸಿನಲ್ಲಿ ಪಕ್ಕಕ್ಕೆ ರಾಯಪ್ಪನೇ ಬಂದು ಕುಳಿತ. ಮಾತಾಡುತ್ತ ಮಾತಾಡುತ್ತ ತಿಕ್ಕಿ ಅಂಗೈ ಚಾಚಿದ. "ತಗೋ ಮಾರಾಯಾ, ನನ್ನ ಮ್ಯಾಲ ಏನ್ ಸಿಟ್ಟು" ಅಂದ. ತೆಗೆದುಕೊಂಡೆ. ಅಂಚೆ ಡಬ್ಬಿಯ ಮುಂದೆ ಬಂದು ನಿಂತಾಗ ಅದು ಇನ್ನೂ ಬಾಯಲ್ಲೇ ಇತ್ತು, ಕೈಯಲ್ಲಿ ಈ ಕಾಗದ. ಹಾಕಿಬಿಟ್ಟಿದ್ದರೆ ನಿನಗೆ ಹೇಗೆ ಗೊತ್ತಾಗುತ್ತಿತ್ತು? ಆದರೆ ಗೂಡಿನಲ್ಲಿ ಇನ್ನೊಂದು ಡಬ್ಬಿ ಇಟ್ಟ ಹಾಗಾಗುತ್ತಿತ್ತು. ಉಗುಳಿ, ನಲ್ಲಿಯಲ್ಲಿ ಬಾಯಿ ತೊಳೆದುಕೊಂಡೆ. ಮೇಲೆ ಬರೆದ ಮೂವತ್ನಾಲ್ಕನ್ನು ಹೊಡೆದು ಹಾಕಿಲ್ಲ, ಬರೆಯುವಾಗ ಅದು ನಿಜವೇ ಇತ್ತು. ಈಗ ಮಧ್ಯಾಹ್ನ ಒಂದೂವರೆ, ಮತ್ತೆ ನನ್ನ ಮೊದಲನೆಯ ತಾಸು ನಡೆದಿದೆ. ನಿನ್ನದು ಎಷ್ಟನೆಯದೋ ಮಹಾದೇವ ಹೇಳುವುದಿಲ್ಲ, ನಾನೂ ಕೇಳುವುದಿಲ್ಲ. ನನಗೆ ಒಬ್ಬನೇ ಆಗುತ್ತಿಲ್ಲ, ಕಲ್ಮೇಶ. ಯಾಕೆ ಬರಬೇಕು ಎಂದರೆ ಇದಕ್ಕೇ. ಬರುವುದಾದರೆ ಬಸ್ಸಿಳಿದು ಬಾರಿನ ಮುಂದಿನ ದಾರಿ ಹಿಡಿಯಬೇಡ, ಹಳ್ಳದ ಹಿಂದಿನಿಂದ ಬಾ. ಸಂಜೆ ಆರಕ್ಕೆ ನಾನು ದಿನಾ ಆ ಕಲ್ಲಿನ ಮೇಲೆ ಇರುತ್ತೇನೆ. ಶೇಂಗಾ ನಾನೇ ತರುತ್ತೇನೆ.