ಚಿಪ್ಪುಮನೆಯ ತೆರವಿನ ತಾವು

ಹೊಸದಡ,
ಕಡಲೇರಿಕೆಯ ನೂರ ಹನ್ನೆರಡನೆಯ ವರ್ಷ, ಇಳಿತದ ಮಾಸ, ಮೂವತ್ತೊಂಬತ್ತನೆಯ ದಿನ

ನಮ್ಮ ಮನೆತನದ ಹಿರಿಯರಾದ ಶರ್ಮಿಳಾ ಅಮ್ಮನವರಿಗೆ, ನಿಮ್ಮ ಕಾಲದಲ್ಲಿ ಇನ್ನೂ ಹುಟ್ಟದ ಮಂದಾಕಿನಿಯ ನಮಸ್ಕಾರಗಳು.

ಮೇಲಿನ ತಾರೀಕನ್ನು ಕಂಡು, ಇದು ಯಾರದೋ ತಮಾಷೆಯೆಂದು ಕಾಗದವನ್ನು ಎಸೆಯಬೇಡಿ. ನಮ್ಮಲ್ಲಿ ತಿಂಗಳನ್ನು ಅಳೆಯುವುದು ಚಂದ್ರನಿಂದಲ್ಲ, ನೀರಿನಿಂದ. ಕಡಲು ಎಷ್ಟು ದಿನ ಹಿಂದೆ ಸರಿದಿರುತ್ತದೆಯೋ ಅಷ್ಟು ದಿನವೂ ಇಳಿತದ ಮಾಸವೇ. ಇಂತಹ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಬೇಕು. ವಾಕ್ಯಗಳಲ್ಲಿ ಮಾತ್ರ ತಪ್ಪು ಹುಡುಕುವ ಶ್ರಮ ಬೇಡ. ನಾನು ಕನ್ನಡ ಶಾಲೆಯಲ್ಲಿ ಓದಿ, ಅದೇ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ನಿಮ್ಮ ಕಾಲದ ಬರಹದ ಭಾಷೆಯನ್ನು ಮಕ್ಕಳ ನಾಲಗೆಯ ಮೇಲೆ ನಿಲ್ಲಿಸಿದ ಹೆಮ್ಮೆ ನನಗಿದೆ.

ಬರುವ ಭಾನುವಾರ ಕುಟುಂಬದೊಡನೆ ಸಮುದ್ರ ತೀರಕ್ಕೆ ಹೋಗಲೆಂದು ನೀವು ಒಂದು ಬೀಚ್ ಟೆಂಟ್ ಕೊಳ್ಳಲಿದ್ದೀರಿ. ನಾವು ಅದನ್ನು ಚಿಪ್ಪುಮನೆ ಎನ್ನುತ್ತೇವೆ. ನೀವು ಯಾವುದನ್ನು ಆರಿಸುತ್ತೀರಿ ಎಂಬುದರ ಮೇಲೆ ನನ್ನ ಮಗಳ ಬದುಕು ನಿಂತಿದೆ. ಅದಕ್ಕಾಗಿಯೇ ಈ ಪತ್ರ.

ಹೊಸದಡವೆಂದರೆ ಘಟ್ಟದ ಬುಡದಲ್ಲಿರುವ ನಮ್ಮ ಕಡಲ ತೀರ. ನಿಮ್ಮ ಊರು ಈಗ ನೀರಿನ ಕೆಳಗಿದೆ. ಇಳಿತದ ಮಾಸದಲ್ಲಿ ನೀರು ಸರಿದಾಗ ನಿಮ್ಮ ಓಣಿಯ ಮಹಡಿಮನೆಗಳ ತಾರಸಿಗಳು ಎದ್ದು ಕಾಣುತ್ತವೆ, ಅವುಗಳ ಮೇಲೆ ಕಪ್ಪು ನೀರಿನ ಟ್ಯಾಂಕುಗಳು ಇನ್ನೂ ಕುಳಿತಿವೆ. ಆಗ ಮನೆಮನೆಯವರೂ ಬುತ್ತಿ ಕಟ್ಟಿಕೊಂಡು ಮರಳಿಗೆ ಇಳಿಯುತ್ತೇವೆ. ಉರಿಹೊತ್ತು, ಅಂದರೆ ನಡುಹಗಲಿನ ಬಿಸಿಲು, ಬರಿಮೈಯನ್ನು ಸುಟ್ಟುಬಿಡುವುದರಿಂದ ಚಿಪ್ಪುಮನೆಯಿಲ್ಲದೆ ಯಾರೂ ಬರುವುದಿಲ್ಲ. ಕಡಲಿಗೆ ಕಾಲದ ಎಣಿಕೆ ತಪ್ಪಿದೆ, ಒಂದು ಕಾಲದ ವಸ್ತುವನ್ನು ಇನ್ನೊಂದು ಕಾಲಕ್ಕೆ ಒಯ್ಯುತ್ತದೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ನಾನು ನಂಬಿರಲಿಲ್ಲ. ಒಮ್ಮೆ ಅಲೆಯೊಂದು ಮಗುವಿನ ಚಪ್ಪಲಿಯನ್ನು ನನ್ನ ಕಾಲಬುಡಕ್ಕೆ ತಂದು ಹಾಕಿತು. ನಿಮ್ಮ ಕಾಲದ ಅಂಗಡಿಯ ಚೀಟಿ ಅದರ ಮೇಲೆ ಒದ್ದೆಯೂ ಆಗದೆ ಅಂಟಿಕೊಂಡಿತ್ತು. ಅಂದಿನಿಂದ ನಂಬಿದ್ದೇನೆ.

ಇನ್ನು ಆಯ್ಕೆಯ ಮಾತು. ಎತ್ತರದ ಚಿಪ್ಪುಮನೆ ನೋಡಲು ಚೆಂದ, ಆದರೆ ಗಾಳಿ ಅದನ್ನು ಪಟದಂತೆ ಎತ್ತುತ್ತದೆ, ತಗ್ಗಾದುದನ್ನೇ ಆರಿಸಿ. ಹಿಂಬದಿಯಲ್ಲಿ ಜಾಲರಿಯ ಕಿಟಕಿ ಇರಲಿ, ಒಳಗಿನ ಬಿಸಿ ಹೊರಗೆ ಹೋಗಬೇಕು. ನೆಡುವಾಗ ಗಾಳಿಗೆ ಬೆನ್ನು ಕೊಟ್ಟು ನೆಡಿ. ಜೊತೆಗೆ ಕೊಡುವ ತೆಳ್ಳಗಿನ ಗೂಟಗಳು ಒಣ ಮರಳಿನಲ್ಲಿ ನಿಲ್ಲುವುದಿಲ್ಲ. ಮೂಲೆಗಳಲ್ಲಿ ಮರಳು ತುಂಬುವ ಚೀಲಗಳಿರುವುದನ್ನು ಕೇಳಿ ಪಡೆಯಿರಿ, ಒದ್ದೆ ಮರಳನ್ನೇ ತುಂಬಿ. ಎಲ್ಲಕ್ಕಿಂತ ಮುಖ್ಯವಾದುದು ಅಳತೆ. ಟೆಂಟಿನ ಚೀಲದ ಮೇಲೆ ನಾಲ್ವರಿಗೆ ಎಂದು ಬರೆದಿದ್ದರೆ, ಅದು ಬುತ್ತಿಯೂ ಒದ್ದೆ ಬಟ್ಟೆಯೂ ಇಲ್ಲದೆ ಮೈಗೆ ಮೈ ಅಂಟಿಸಿ ಕೂರುವ ನಾಲ್ವರಿಗೆ ಎಂದು ತಿಳಿಯಿರಿ.

ನೀವು ನಾಲ್ವರದನ್ನೇ ಕೊಂಡಿರಿ. ಕೊಳ್ಳಲಿದ್ದೀರಿ ಎನ್ನಬೇಕೋ ಏನೋ, ಇಲ್ಲಿ ಕ್ರಿಯಾಪದ ನನ್ನ ಕೈಗೂ ಸಿಗುತ್ತಿಲ್ಲ. ನೀವು, ನಿಮ್ಮ ಯಜಮಾನರು, ಇಬ್ಬರು ಮಕ್ಕಳು, ಲೆಕ್ಕ ಸರಿಯಾಯಿತು. ಜೊತೆಗೆ ಬಂದ ನಿಮ್ಮ ಯಜಮಾನರ ಅಕ್ಕ ಜಲಜಾಕ್ಷಿಯವರು ಮಾತ್ರ ಲೆಕ್ಕದಲ್ಲಿರಲಿಲ್ಲ. ಮದುವೆಯಾಗದೆ ತಮ್ಮನ ಮನೆಯಲ್ಲೇ ಉಳಿದ ಅವರು, ಯಾರೂ ಕೇಳುವ ಮೊದಲೇ ನಗುತ್ತ ಹೇಳಿದರಂತೆ: “ನೀವು ಕೂತ್ಕೊಳ್ಳಿ ಮಾರಾಯ್ರೆ, ನನಗೆ ಗಾಳಿ ಇಷ್ಟ.” ಮಧ್ಯಾಹ್ನ ನೀವೆಲ್ಲ ನೀರಿಗೆ ಇಳಿದಿದ್ದಾಗ ಗಾಳಿ ಬೀಸಿ, ಗೂಟ ಕಿತ್ತು, ಟೆಂಟ್ ಅಲೆಗಳ ಕಡೆ ಉರುಳಿತು. ಹೊಸ ಟೆಂಟ್ ಹೋಗಿಬಿಡುತ್ತದೆಂದು ಜಲಜಕ್ಕ ಅದರ ಹಿಂದೆ ಓಡಿದರು. ಟೆಂಟ್ ದಡಕ್ಕೆ ಬಂತು. ಅವರು ಬರಲಿಲ್ಲ.

ಅಂದಿನಿಂದ ನಮ್ಮ ಮನೆತನದಲ್ಲಿ ಒಂದು ಕಟ್ಟಳೆಯಿದೆ, ಈಗ ಹೊಸದಡದ ಎಲ್ಲ ಮನೆಗಳಲ್ಲಿಯೂ ಇದೆ. ಚಿಪ್ಪುಮನೆಯಲ್ಲಿ ತಲೆಗಳ ಲೆಕ್ಕಕ್ಕಿಂತ ಒಂದು ಜಾಗ ಹೆಚ್ಚಿಗೆ ಬಿಡಬೇಕು. ಅದೇ ತೆರವಿನ ತಾವು. ಉರಿಹೊತ್ತಿನಲ್ಲಿ ಗಾಳಿ ಫಕ್ಕನೆ ನಿಂತಾಗ ಬಟ್ಟೆಯ ಆಚೆಯಿಂದ ಹೆಂಗಸಿನ ದನಿ ಕೇಳುತ್ತದೆ: “ಒಳಗೆ ಜಾಗ ಉಂಟಾ?” ಇಣುಕಿ ನೋಡಬಾರದು. “ಉಂಟು, ಬನ್ನಿ” ಎನ್ನಬೇಕು. ಆಗ ತೆರವಿನ ತಾವಿನಲ್ಲಿ ಮರಳು ಮೆಲ್ಲಗೆ ಕುಸಿಯುತ್ತದೆ, ಯಾರೋ ಒದ್ದೆ ಸೀರೆಯಲ್ಲಿ ಕುಳಿತಂತೆ ತೇವಗೊಳ್ಳುತ್ತದೆ. ನಾವು ಬುತ್ತಿ ಬಿಚ್ಚಿ ಉಣ್ಣುತ್ತೇವೆ. ನನ್ನ ತಾಯಿ ಆ ಕಡೆಗೆ ಉಪ್ಪಿನಕಾಯಿಯ ಡಬ್ಬಿಯನ್ನೂ ಸರಿಸುತ್ತಿದ್ದರು. ಗಾಳಿ ಮತ್ತೆ ಎದ್ದಾಗ ಆ ಜಾಗ ಒಣಗುತ್ತದೆ. ಯಾರಿಗೂ ಎಂದೂ ಕೇಡಾಗಿರಲಿಲ್ಲ.

ಕಳೆದ ಇಳಿತದಲ್ಲಿ ನನ್ನ ಅಳಿಯ ಭಾರ್ಗವ ಹೊಸ ಚಿಪ್ಪುಮನೆ ತಂದ. ಘಟ್ಟದ ಮೇಲಿನವನು, ನಮ್ಮ ಕಟ್ಟಳೆಗಳು ಅವನಿಗೆ ಅಜ್ಜಿಕಥೆಗಳು. ಬಿಚ್ಚಿ ನಿಲ್ಲಿಸಿದಾಗ ನೋಡಿದರೆ, ನಾಲ್ವರದು. ನಾನು, ಅವನು, ಮಗಳು ನಿರುಪಮಾ, ಇಬ್ಬರು ಮೊಮ್ಮಕ್ಕಳು.

“ಲೆಕ್ಕ ನಿಮಗೆ ಯಾರು ಕಲಿಸಿದ್ದು ಭಾರ್ಗವ?” ಎಂದೆ.

“ಮಕ್ಕಳಿಬ್ಬರೂ ಮಡಿಲಲ್ಲಿ ಕೂರ್ತಾರೆ ಅಂತ ಲೆಕ್ಕಕ್ಕೇ ಹಿಡೀಲಿಲ್ಲ ಅತ್ತೆ. ಒಂದು ಜಾಗ ಉಳೀತಲ್ಲ!” ಎಂದು ನಕ್ಕ.

ಉಳಿದ ಆ ಜಾಗವನ್ನು ಬುತ್ತಿಯೂ ಚೀಲಗಳೂ ತುಂಬಿದವು. ಮಕ್ಕಳು ಕಾಲು ಚಾಚಿದರು. ನಿರುಪಮಾ ಎದ್ದಳು. “ಅಮ್ಮ, ನೀವು ಆರಾಮ ಕೂತ್ಕೊಳ್ಳಿ. ನನಗೆ ಗಾಳಿ ಇಷ್ಟ.” ತಲೆಗೆ ಸೆರಗು ಹೊದ್ದು ಹೊರಗೆ, ನೆರಳಿನ ಬದಿಯಲ್ಲಿ ಬಟ್ಟೆಗೆ ಒರಗಿ ಕುಳಿತಳು. ಅವಳ ಬೆನ್ನಿನ ಉಬ್ಬು ಒಳಗಿನಿಂದ ನನಗೆ ಕಾಣುತ್ತಿತ್ತು.

ಗಾಳಿ ನಿಂತಿತು. “ಒಳಗೆ ಜಾಗ ಉಂಟಾ?”

ನಾನು ಬಾಯಿ ತೆರೆಯುವಷ್ಟರಲ್ಲಿ ಭಾರ್ಗವ, ಪಕ್ಕದ ಮನೆಯವರು ಯಾರೋ ಕೀಟಲೆ ಮಾಡುತ್ತಿದ್ದಾರೆಂದುಕೊಂಡು, “ಇಲ್ಲ ಕಣ್ರೀ, ಕಾಲು ಚಾಚೋಕೂ ಜಾಗ ಇಲ್ಲ” ಎಂದುಬಿಟ್ಟ.

ಆಮೇಲೆ ಅದೇ ದನಿ, ಬಹಳ ಅಕ್ಕರೆಯಿಂದ: “ಇಲ್ಲವಂತೆ ಮಗಾ. ಬಾ, ನಾವಿಬ್ಬರು ಹೊರಗೇ ಕೂರುವ.” ಬಟ್ಟೆಯ ಮೇಲಿನ ಬೆನ್ನಿನ ಉಬ್ಬು ಮಾಯವಾಯಿತು. ನಾನು ಮಕ್ಕಳನ್ನು ದಾಟಿ ಹೊರಗೆ ಬಿದ್ದೆ. ಮರಳಿನಲ್ಲಿ ಪಕ್ಕಪಕ್ಕದಲ್ಲಿ ಇಬ್ಬರು ಕುಳಿತ ಗುರುತು, ಎರಡೂ ಒದ್ದೆ. ಅಲ್ಲಿಂದ ಇಬ್ಬರ ಹೆಜ್ಜೆಗಳು ಆತುರವಿಲ್ಲದೆ, ಮಾತನಾಡುತ್ತ ಹೋದವರ ಹೆಜ್ಜೆಗಳಂತೆ, ನೀರಿನ ಕಡೆಗೆ ಹೋಗಿದ್ದವು. ದೋಣಿಗಳು ಹುಡುಕಿದವು. ಅವಳ ಸೆರಗಿನ ಎಳೆಯೂ ಸಿಗಲಿಲ್ಲ.

ಈ ಇಳಿತದಲ್ಲಿ ದಿನವೂ ಚಿಪ್ಪುಮನೆ ನೆಟ್ಟು, ಇಬ್ಬರಿಗೆ ತಾವು ಬಿಟ್ಟು, ಒಬ್ಬಳೇ ಕೂರುತ್ತಿದ್ದೇನೆ. ಗಾಳಿ ನಿಲ್ಲುತ್ತದೆ. ಯಾರೂ ಕೇಳುವುದಿಲ್ಲ. ಒಮ್ಮೆ ಇಲ್ಲವೆನಿಸಿಕೊಂಡ ಬಾಗಿಲಿಗೆ ನಮ್ಮ ಮನೆಯ ಹೆಂಗಸರು ಎರಡನೆಯ ಸಲ ಬರುವವರಲ್ಲ.

ಆದುದರಿಂದ ಈ ಪತ್ರವನ್ನು ಮರಳಿನ ಚೀಲದಲ್ಲಿಟ್ಟು ಹೊಲಿದು, ಆ ಚಪ್ಪಲಿ ಸಿಕ್ಕಿದ ಜಾಗದಲ್ಲಿ ನೀರಿಗೆ ಕೊಡುತ್ತಿದ್ದೇನೆ. ದೊಡ್ಡ ಟೆಂಟ್ ಕೊಳ್ಳಿ ಅಮ್ಮ. ಜಲಜಕ್ಕನನ್ನು ಮೊದಲು ಒಳಗೆ ಕೂರಿಸಿ, ಆಮೇಲೆ ಉಳಿದವರು ಕೂರಿ. ಅವರು ಅಂದು ನೀರಿಗೆ ಹೋಗದಿದ್ದರೆ ನನ್ನ ಮಗಳನ್ನು ಕರೆಯಲು ಯಾರೂ ಇರುವುದಿಲ್ಲ. ಒಂದು ವೇಳೆ ಪತ್ರ ತಡವಾಗಿ ತಲುಪಿದರೆ, ಮುಂದೆ ಯಾವತ್ತಾದರೂ ನಿಮ್ಮ ಟೆಂಟಿನ ಹೊರಗೆ ಗಾಳಿ ನಿಂತು ದನಿ ಕೇಳಿದರೆ, ಜಲಜಕ್ಕನ ಜೊತೆ ಎಡಗೆನ್ನೆಯಲ್ಲಿ ಮಚ್ಚೆಯಿರುವ ಇನ್ನೊಬ್ಬಳಿರಬಹುದು. ಯಾರ ಮಗಳೆಂದು ಕೇಳಬೇಡಿ, ನೀವು ಇನ್ನೂ ಅರಿಯದ ನಿಮ್ಮದೇ ಕುಡಿ ಅವಳು. ಗಾಳಿ ಇಷ್ಟ ಎನ್ನುತ್ತಾಳೆ.

ನಂಬಬೇಡಿ. ಕೈಹಿಡಿದು ಒಳಗೆ ಕೂರಿಸಿಕೊಳ್ಳಿ.

ಮಂದಾಕಿನಿ
ನಿವೃತ್ತ ಕನ್ನಡ ಅಧ್ಯಾಪಕಿ, ಹೊಸದಡ